ಫ್ಲೋರಿಡಾದಲ್ಲಿ ಜಿಮ್ ತೆರೆಯಲು 25,000 ಡಾಲರಿನ ಶ್ಯೂರಿಟಿ ಬಾಂಡ್ ಕಡ್ಡಾಯವೇ?

ಟ್ಯಾಂಪಾದಲ್ಲಿ ಜಿಮ್ ಶುರು ಮಾಡುತ್ತಿದ್ದೇನೆ, ಕಚೇರಿಯಲ್ಲಿ ಶ್ಯೂರಿಟಿ ಬಾಂಡ್ ತನ್ನಿ ಅಂತಾರೆ, ಇನ್ಶೂರೆನ್ಸ್ ಆಗಲೇ ಮಾಡಿಸಿದ್ದೇನೆ, ಇನ್ನು 25,000 ಡಾಲರ್ ಎಲ್ಲಿಂದ ತರಲಿ ಎಂದು ಕೇಳಿದ್ದೀರಿ. ಮೂರು ವಿಷಯ ಒಂದಕ್ಕೊಂದು ಸಿಕ್ಕಿಹಾಕಿಕೊಂಡಿವೆ, ಬಿಡಿಸಿ ಹೇಳುತ್ತೇನೆ. ಶ್ಯೂರಿಟಿ ಬಾಂಡ್ ಎಂದರೆ ನಿಮ್ಮ ಪರವಾಗಿ ಒಂದು ಕಂಪನಿ ಬರೆದುಕೊಡುವ ಜಾಮೀನು.

ಬಾಂಡ್ ಬೇಕೋ ಬೇಡವೋ ಎನ್ನುವುದು ಜಿಮ್ ಎಷ್ಟು ದೊಡ್ಡದು ಎನ್ನುವುದರ ಮೇಲೆ ನಿಂತಿಲ್ಲ. ಸದಸ್ಯರ ಹಣವನ್ನು ನೀವು ಹೇಗೆ ವಸೂಲಿ ಮಾಡುತ್ತೀರಿ ಎನ್ನುವುದರ ಮೇಲೆ ನಿಂತಿದೆ. ಆದ್ದರಿಂದ ಬಾಂಡ್ ಏಜೆಂಟರಿಗೆ ಫೋನ್ ಮಾಡುವ ಮೊದಲು ಮೆಂಬರ್‌ಶಿಪ್ ಯೋಜನೆಯನ್ನು ಕಾಗದದ ಮೇಲೆ ಬರೆದುಕೊಳ್ಳಿ.

ಫ್ಲೋರಿಡಾದ ಹೆಲ್ತ್ ಸ್ಟುಡಿಯೋ (ಕಾನೂನಿನ ಮಾತಿನಲ್ಲಿ ಜಿಮ್) ಕಾನೂನು ರಾಜ್ಯ ಸಂಹಿತೆಯ 501.012ರಿಂದ 501.019ರವರೆಗಿನ ಕಲಮುಗಳಲ್ಲಿದೆ. ನೋಡಿಕೊಳ್ಳುವುದು ಕೃಷಿ ಮತ್ತು ಗ್ರಾಹಕ ಸೇವೆಗಳ ಇಲಾಖೆ. (ಜಿಮ್‌ಗೂ ಕೃಷಿಗೂ ಏನು ಸಂಬಂಧ ಎನ್ನಬೇಡಿ, ಅಲ್ಲಿ ಗ್ರಾಹಕರ ದೂರುಗಳೆಲ್ಲ ಹೋಗುವುದು ಅದೇ ಇಲಾಖೆಗೆ.) ಜಿಮ್ ಇರುವ ಪ್ರತಿ ಜಾಗಕ್ಕೂ ಬೇರೆ ನೋಂದಣಿ, ವರ್ಷಕ್ಕೆ 300 ಡಾಲರ್ ಶುಲ್ಕ. ಬಾಂಡ್ ಬೇಕಾದವರಿಗೆ ಅದೂ ಜಾಗಕ್ಕೊಂದರಂತೆ 25,000 ಡಾಲರಿನದು. ಬಾಂಡ್ ಕೈಗೆ ಬರುವವರೆಗೆ ಸ್ಥಳೀಯ ಬಿಸಿನೆಸ್ ಟ್ಯಾಕ್ಸ್ ರಸೀದಿ (ಅಲ್ಲಿ ವ್ಯಾಪಾರ ನಡೆಸಲು ಬೇಕಾದ ಕಾಗದ) ಕೊಡುವಂತಿಲ್ಲ ಎಂದು ಕಾನೂನೇ ಹೇಳುತ್ತದೆ. ನಿಮ್ಮನ್ನು ಕೌಂಟರಿನಲ್ಲಿ ತಡೆದದ್ದು ಇದೇ ಕಾರಣಕ್ಕೆ ಇರಬೇಕು.

ಈಗ ವಿನಾಯಿತಿ. ಸದಸ್ಯರಿಂದ ತಿಂಗಳು ತಿಂಗಳು ನೇರವಾಗಿ ಹಣ ಪಡೆಯುವ ಜಿಮ್‌ಗೆ ಬಾಂಡ್ ಬೇಕಿಲ್ಲ. ಷರತ್ತು ಏನೆಂದರೆ ಕರಾರು ಎಷ್ಟು ತಿಂಗಳಿನದೋ ಕಂತುಗಳೂ ಅಷ್ಟೇ ಇರಬೇಕು, ಸೇವಾ ಶುಲ್ಕ ಹಾಕುವುದಾದರೆ ಅದು ನ್ಯಾಯವಾಗಿರಬೇಕು, ಮತ್ತು ಯಾವುದಕ್ಕೆ ಎಷ್ಟು ಎಂದು ಕರಾರಿನಲ್ಲೇ ಬರೆದಿರಬೇಕು. ಹೊಸಬರು ಎಡವುವುದು ಇಲ್ಲೇ. ಕರಾರು ತಿಂಗಳ ಲೆಕ್ಕದ್ದು ಎಂದು ಬರೆದು ನೋಂದಣಿ ಮಾಡಿಸುತ್ತಾರೆ. ಜನವರಿ ಬಂತೆಂದರೆ 'ಒಂದು ವರ್ಷದ್ದು ಈಗಲೇ ಕಟ್ಟಿ, ಎರಡು ತಿಂಗಳು ಉಚಿತ' ಎಂದು ಬ್ಯಾನರ್ ಕಟ್ಟುತ್ತಾರೆ. ಅಲ್ಲಿಗೆ ಹನ್ನೆರಡು ಕಂತು ಹೋಗಿ ಒಂದೇ ಕಂತು ಆಯಿತು, ವಿನಾಯಿತಿಯ ಆಧಾರವೇ ಹೋಯಿತು. ಮೊದಲ ತಿಂಗಳಿನ ಜೊತೆ ಕೊನೆಯ ತಿಂಗಳಿನ ಹಣವನ್ನೂ ಹಿಡಿದುಕೊಳ್ಳುವುದು, ಹತ್ತು ಕ್ಲಾಸಿನ ಪ್ಯಾಕ್ ಮಾರುವುದು, ಇವೂ ಮುಂಗಡವೇ ಎಂದು ಎಣಿಸಿ ನಡೆಯುವುದು ಕ್ಷೇಮ. ಇನ್ನೊಂದು: ಬಾಂಡಿಗೆ ವಿನಾಯಿತಿ ಸಿಕ್ಕರೂ ನೋಂದಣಿಗೆ ಸಿಗುವುದಿಲ್ಲ. ಆ 300 ಡಾಲರ್ ಕಟ್ಟಲೇಬೇಕು.

ವಿನಾಯಿತಿ ಪಡೆದ ಜಿಮ್ ಸತತ 14 ದಿನ ವ್ಯವಹಾರದ ಜಾಗವೇ ಇಲ್ಲದೆ ಇದ್ದರೆ ವಿನಾಯಿತಿ ಹೋಗುತ್ತದೆ, ಅದನ್ನು ಹೊಸ ಜಿಮ್ ಎಂದೇ ಪರಿಗಣಿಸುತ್ತಾರೆ. ಚಂಡಮಾರುತದಂಥ ಪ್ರಕೃತಿ ವಿಕೋಪಕ್ಕೆ ಮಾತ್ರ ರಿಯಾಯಿತಿ ಇದೆ.

ಇನ್ಶೂರೆನ್ಸ್ ಇದೆಯಲ್ಲ ಎಂಬ ನಿಮ್ಮ ಮಾತಿಗೆ ಬರೋಣ. ಅದು ಟ್ರೆಡ್‌ಮಿಲ್ ಮೇಲೆ ಯಾರಾದರೂ ಬಿದ್ದರೆ ನಿಮ್ಮನ್ನು ಕಾಯುತ್ತದೆ. ಬಾಂಡ್ ಕಾಯುವುದು ನಿಮ್ಮನ್ನಲ್ಲ, ನಿಮ್ಮ ಸದಸ್ಯರನ್ನು. ಊರಿನ ಸೊಸೈಟಿ ಸಾಲಕ್ಕೆ ಭಾವಮೈದ ಜಾಮೀನು ಸಹಿ ಹಾಕಿದ ಹಾಗೆ ಇದು: ನೀವು ಕೈ ಎತ್ತಿದರೆ ಬಾಂಡ್ ಕಂಪನಿ ಕಟ್ಟುತ್ತದೆ, ಆಮೇಲೆ ನಿಮ್ಮ ಬಾಗಿಲಿಗೆ ಬರುತ್ತದೆ. ಬಾಂಡ್ ಜೊತೆಗೆ ನಿಮ್ಮಿಂದ ಸಹಿ ಹಾಕಿಸುವ ಇಂಡೆಮ್ನಿಟಿ (ನಷ್ಟ ತುಂಬಿಕೊಡುವ) ಒಪ್ಪಂದವನ್ನು ಪೂರ್ತಿ ಓದಿ. ಕೊಟ್ಟ ಹಣದ ಜೊತೆಗೆ ವಿಚಾರಣೆಯ ಖರ್ಚು, ವಕೀಲರ ಶುಲ್ಕ ಎಲ್ಲವನ್ನೂ ವಸೂಲಿ ಮಾಡುವ ಹಕ್ಕು ಅದರಲ್ಲಿರುತ್ತದೆ. ಸಾಮಾನ್ಯವಾಗಿ ಪಾಲುದಾರರೆಲ್ಲರೂ, ಎಷ್ಟೋ ಸಲ ಗಂಡ ಅಥವಾ ಹೆಂಡತಿಯೂ, ವೈಯಕ್ತಿಕವಾಗಿ ಸಹಿ ಹಾಕಬೇಕಾಗುತ್ತದೆ. ಎಲ್‌ಎಲ್‌ಸಿ (ಮಾಲೀಕರ ಹೊಣೆಗೆ ಮಿತಿ ಇರುವ ಕಂಪನಿ) ಮಾಡಿಕೊಂಡಿದ್ದೇನೆ, ಮನೆ ಸುರಕ್ಷಿತ ಎಂಬ ಧೈರ್ಯ ಈ ಒಂದು ಸಹಿಯ ಮುಂದೆ ನಿಲ್ಲುವುದಿಲ್ಲ.

ಹಣದ ಲೆಕ್ಕ ಮಾತ್ರ ನೀವು ಹೆದರಿದಷ್ಟಿಲ್ಲ. 25,000 ಎನ್ನುವುದು ಬಾಂಡಿನ ಮೊತ್ತ, ನೀವು ಕಟ್ಟುವುದು ಅದರ ಪ್ರೀಮಿಯಂ. ಕ್ರೆಡಿಟ್ (ಸಾಲ ತೀರಿಸಿದ ದಾಖಲೆ) ಚೆನ್ನಾಗಿದ್ದರೆ ವರ್ಷಕ್ಕೆ ಮೊತ್ತದ 1ರಿಂದ 3 ಶೇಕಡಾ, ಅಂದರೆ 250ರಿಂದ 750 ಡಾಲರ್. ಕ್ರೆಡಿಟ್ ಕೆಟ್ಟಿದ್ದರೆ 10 ಶೇಕಡಾ, ಕೆಲವೊಮ್ಮೆ ಅದಕ್ಕೂ ಹೆಚ್ಚು. ಅಮೆರಿಕಕ್ಕೆ ಇತ್ತೀಚೆಗೆ ಬಂದವರಿಗೆ ಕ್ರೆಡಿಟ್ ಕೆಟ್ಟಿರುವುದಿಲ್ಲ, ಇರುವುದೇ ಇಲ್ಲ. ಆದರೂ ದರ ಮೇಲೇರುತ್ತದೆ. ಅಂಥವರು ಬ್ಯಾಂಕ್ ಸ್ಟೇಟ್‌ಮೆಂಟ್, ಜಿಮ್‌ಗೆ ಹಾಕಿದ ಬಂಡವಾಳದ ದಾಖಲೆ, ವ್ಯಾಪಾರದ ಅನುಭವದ ವಿವರ ಇಟ್ಟುಕೊಂಡು ಎರಡು ಮೂರು ಕಡೆ ದರ ಕೇಳಬೇಕು. ಒಮ್ಮೆ ಕಟ್ಟಿದ ಪ್ರೀಮಿಯಂ, ಅದರಲ್ಲೂ ಮೊದಲ ವರ್ಷದ್ದು, ವಾಪಸ್ ಬರುವುದಿಲ್ಲ ಎಂದುಕೊಳ್ಳಿ.

ಬಾಂಡ್ ಬದಲು ಬ್ಯಾಂಕಿನ ಲೆಟರ್ ಆಫ್ ಕ್ರೆಡಿಟ್ (ಹಣಕ್ಕೆ ಬ್ಯಾಂಕ್ ಕೊಡುವ ಖಾತರಿ ಪತ್ರ) ಅಥವಾ 25,000 ಡಾಲರಿನ ಸರ್ಟಿಫಿಕೇಟ್ ಆಫ್ ಡೆಪಾಸಿಟ್ (ಬ್ಯಾಂಕ್ ಠೇವಣಿ) ಕೊಡಬಹುದು. ಹೊಸ ಜಿಮ್‌ಗೆ ನಾನು ಇವನ್ನು ಹೇಳುವುದಿಲ್ಲ. ಮೊದಲ ವರ್ಷ ಬಾಡಿಗೆಗೂ ಯಂತ್ರಗಳ ಕಂತಿಗೂ ಬೇಕಾದ ದುಡ್ಡು ಅಲ್ಲಿ ಸುಮ್ಮನೆ ಕೂತಿರುತ್ತದೆ. ಚಾಲ್ತಿಯಲ್ಲಿರುವ ಎಲ್ಲ ಕರಾರುಗಳ ಒಟ್ಟು ಮೌಲ್ಯ 5,000 ಡಾಲರಿಗಿಂತ ಕಡಿಮೆ ಎಂದು ತೋರಿಸಿದರೆ ಇಲಾಖೆ ಮೊತ್ತವನ್ನು 10,000ದವರೆಗೆ ಇಳಿಸಬಹುದು. ಆದರೆ ಕರಾರುಗಳು ಆ ಗಡಿ ದಾಟಿದಾಗ ನೀವೇ ತಿಳಿಸಬೇಕು.

ಬಾಂಡ್ ಕಾಗದ ತಿರಸ್ಕಾರವಾಗುವುದು ಹೆಚ್ಚಾಗಿ ಹೆಸರಿನ ವಿಷಯಕ್ಕೆ. ನೋಂದಣಿ ಅರ್ಜಿಯಲ್ಲಿ ಎಲ್‌ಎಲ್‌ಸಿ ಹೆಸರು, ಬಾಂಡಿನಲ್ಲಿ ಬೋರ್ಡಿನ ಮೇಲಿನ ಹೆಸರು ಇದ್ದರೆ ವಾಪಸ್. ಕಾನೂನುಬದ್ಧ ಹೆಸರು, ವ್ಯವಹಾರದ ಹೆಸರು, ಸೂಟ್ ನಂಬರ್ ಸಮೇತ ವಿಳಾಸ, ಮೂರೂ ಎಲ್ಲ ಕಾಗದದಲ್ಲೂ ಅಕ್ಷರಕ್ಕೆ ಅಕ್ಷರ ಒಂದೇ ಇರಲಿ. ಬಾಂಡ್ ಇಲಾಖೆಯ ಹೆಸರಿಗೇ ಇರಬೇಕು, ಕಂಪನಿಯ ಪರ ಸಹಿ ಮಾಡಿದವರ ಪವರ್ ಆಫ್ ಅಟಾರ್ನಿ ಜೊತೆಗಿರಬೇಕು, ನಿಮ್ಮ ಸಹಿಯ ಜಾಗ ಖಾಲಿ ಇರಬಾರದು. ಕಂಪನಿಗೆ ಫ್ಲೋರಿಡಾದಲ್ಲಿ ವ್ಯವಹರಿಸುವ ಅನುಮತಿ ಇದೆಯೇ ಎಂದೂ ನೋಡಿಕೊಳ್ಳಿ.

ಜಿಮ್ ಮುಚ್ಚಿದರೆ ಮಾತ್ರ ಬಾಂಡ್ ಮೇಲೆ ಕ್ಲೇಮ್ ಬರುತ್ತದೆ ಎಂದುಕೊಳ್ಳಬೇಡಿ. ಈ ಕಾನೂನಿನ ಯಾವುದೇ ಉಲ್ಲಂಘನೆಯಿಂದ ನಷ್ಟವಾದರೂ ಬರಬಹುದು. ಸಹಿ ಹಾಕಿದ ಮೇಲೆ ರಜೆ, ವಾರಾಂತ್ಯ ಬಿಟ್ಟು 3 ದಿನದೊಳಗೆ ಸದಸ್ಯರು ಕರಾರು ರದ್ದು ಮಾಡಬಹುದು, 30 ದಿನದೊಳಗೆ ಹಣ ಹಿಂತಿರುಗಿಸಬೇಕು. ಮೊದಲ ಕರಾರು 36 ತಿಂಗಳು ಮೀರುವಂತಿಲ್ಲ. ಜಿಮ್ಮನ್ನು 5 ಮೈಲಿಗಿಂತ ದೂರ ಸ್ಥಳಾಂತರಿಸಿದರೆ, ಸಮಾನ ಸೌಲಭ್ಯವನ್ನು ಹತ್ತಿರದಲ್ಲಿ ಒದಗಿಸದೇ ಹೋದರೆ, ಆಗಲೂ ರದ್ದು ಮಾಡುವ ಹಕ್ಕಿದೆ. 'ನೋ ರಿಫಂಡ್' ಎಂದು ಗೋಡೆಗೆ ಅಂಟಿಸಿದ ಚೀಟಿ ಇವುಗಳ ಮುಂದೆ ನಡೆಯುವುದಿಲ್ಲ.

ಈ ಅಂಕಿಗಳು ಫ್ಲೋರಿಡಾಕ್ಕೆ ಮಾತ್ರ. ಮುಂದೆ ಡಲ್ಲಾಸ್‌ನಲ್ಲಿ ಶಾಖೆ ತೆರೆಯುವುದಾದರೆ ಟೆಕ್ಸಸ್‌ನಲ್ಲಿ ನೋಂದಣಿ ಸೆಕ್ರೆಟರಿ ಆಫ್ ಸ್ಟೇಟ್ (ರಾಜ್ಯ ಸರ್ಕಾರದ ಒಂದು ಕಚೇರಿ) ಬಳಿ; ಭದ್ರತೆ ಮುಂಗಡ ಹಣದ 20 ಶೇಕಡಾ, ಆದರೆ ಕನಿಷ್ಠ 20,000, ಗರಿಷ್ಠ 50,000 ಡಾಲರ್. ನ್ಯೂಯಾರ್ಕ್‌ನಲ್ಲಿ ಕರಾರಿನ ಅವಧಿ ಉದ್ದವಾದಷ್ಟೂ ಮೊತ್ತ ಏರುತ್ತದೆ, ವರ್ಷದೊಳಗಿನ ಕರಾರಿಗೇ 50,000.

ಜಿಮ್ಮನ್ನು ಯಾರಿಗಾದರೂ ಮಾರಿದರೆ ಬಾಂಡ್ ಅವರ ಹೆಸರಿಗೆ ಹೋಗುವುದಿಲ್ಲ. ಅವರು ಹೊಸದಾಗಿ ನೋಂದಣಿ ಮಾಡಿಸಿ ತಮ್ಮದೇ ಬಾಂಡ್ ತರಬೇಕು. ನಿಮ್ಮದನ್ನು ಲಿಖಿತವಾಗಿ ರದ್ದು ಮಾಡಿಸಿ, ರದ್ದಾದ ದಿನಾಂಕದ ಪತ್ರವನ್ನು ಇಟ್ಟುಕೊಳ್ಳಿ; ಅದಕ್ಕೂ ಹಿಂದಿನ ಕರಾರುಗಳ ಹೊಣೆ ನಿಮ್ಮ ಮೇಲೇ ಉಳಿಯುತ್ತದೆ. ಮಾರಾಟದ ಒಪ್ಪಂದದಲ್ಲಿ ಹಳೆ ಸದಸ್ಯರ ಬಾಕಿ ತಿಂಗಳುಗಳನ್ನು ಯಾರು ನಡೆಸಿಕೊಡಬೇಕು ಎಂದು ಸದಸ್ಯರ ಪಟ್ಟಿ ಸಮೇತ ಬರೆಸಿ.