ಮನೆ, ಮಕ್ಕಳು, ತೋಟದ ನಡುವೆ ದಿನಾ ಬರೆಯುವುದು ಹೇಗೆ? ನಲವತ್ತು ದಾಟಿದ ಮೇಲೆ ಶುರು ಮಾಡಬಹುದಾ?

ಮೊದಲು ‘ದಿನಾ ಇಷ್ಟು ಪುಟ’ ಅನ್ನೋ ಹಟ ಬಿಡಿ. ಮಲೆನಾಡಿನ ಮನೆಯಲ್ಲಿ ಎಲ್ಲ ತಿಂಗಳೂ ಒಂದೇ ಥರ ಇರುವುದಿಲ್ಲ, ಅಲ್ವಾ? ಅಡಿಕೆ ಕೊಯ್ಲು ಶುರುವಾಯಿತು ಅಂದರೆ ಸುಲಿಯುವುದು, ಬೇಯಿಸುವುದು, ಅಂಗಳದಲ್ಲಿ ಹರವುವುದು, ಕೆಲಸಕ್ಕೆ ಬಂದವರಿಗೆ ಊಟ-ತಿಂಡಿ, ಅಷ್ಟರಲ್ಲಿ ರಾತ್ರಿಯೇ ಆಗಿಬಿಡುತ್ತದೆ. ಆಗ ಎರಡು ಸಾಲು ಸಾಕು. ಮಳೆಗಾಲದಲ್ಲಿ ಜಾಸ್ತಿ ಬರೆಯಿರಿ. ಕರೆಂಟ್ ಹೋದರೂ ನೋಟ್‌ಬುಕ್ಕಿಗೆ ಏನೂ ಆಗುವುದಿಲ್ಲ.

ಸಾಗರದ ಹತ್ತಿರದ ನಮ್ಮ ಮನೆಯಲ್ಲಿ, ಬಚ್ಚಲ ಒಲೆಗೆ ಬೆಂಕಿ ಹಾಕಿ ಹಂಡೆ ನೀರು ಕಾಯುವವರೆಗೆ ನನ್ನ ಸಮಯ. ಒಲೆ ಮುಂದೆಯೇ ಮಣೆ ಹಾಕಿಕೊಂಡು ಕೂರುತ್ತೇನೆ, ಆಗಾಗ ಒಂದು ಸೌದೆ ಮುಂದಕ್ಕೆ ತಳ್ಳುತ್ತೇನೆ, ಪುಸ್ತಕಕ್ಕೆ ಸ್ವಲ್ಪ ಮಸಿ ಹತ್ತುತ್ತದೆ, ಹತ್ತಲಿ. ಹಿಂದಿನ ದಿನದ ಕೊನೇ ಸಾಲನ್ನು ಬೇಕಂತಲೇ ಅರ್ಧಕ್ಕೆ ಬಿಟ್ಟಿರುತ್ತೇನೆ, ಹಾಗಾಗಿ ಎಲ್ಲಿಂದ ಶುರು ಮಾಡೋದು ಅಂತ ಯೋಚಿಸುತ್ತಾ ಕೂರುವ ಪ್ರಮೇಯ ಇಲ್ಲ.

ವಯಸ್ಸಿನ ಮಾತು ಬಿಡಿ. ನಮ್ಮ ತೀರ್ಥಹಳ್ಳಿಯ ಎಂ.ಕೆ. ಇಂದಿರಾ ಹುಟ್ಟಿದ್ದು 1917ರಲ್ಲಿ, ಅವರ ಮೊದಲ ಕಾದಂಬರಿ ಅಚ್ಚಾಗಿದ್ದು 1963ರಲ್ಲಿ.

ಇನ್ನು ಮನೆಯವರು. ಅವರಿಗೆ ಬಾಯಿಬಿಟ್ಟು ಹೇಳಿ. ಸುಮ್ನೆ ಮುಖ ಊದಿಸಿಕೊಂಡು ಓಡಾಡಿದರೆ ಯಾರಿಗೆ ಗೊತ್ತಾಗುತ್ತದೆ? ಆ ಅರ್ಧ ಗಂಟೆ ಮಕ್ಕಳನ್ನು ಎಬ್ಬಿಸಿ ಹಲ್ಲುಜ್ಜಿಸುವ ಕೆಲಸ ಯಜಮಾನರದ್ದು ಅಂತ ನಿಕ್ಕಿ ಮಾಡಿಕೊಳ್ಳಿ. ಬದಲಿಗೆ ಸಂಜೆ ಮಕ್ಕಳ ಓದಿನ ಹೊತ್ತಿಗೆ ನೀವು ಪೆನ್ನು ಮುಟ್ಟಬೇಡಿ. ಜ್ವರ, ಮದುವೆ, ನೆಂಟರು ಬಂದ ದಿನ ರಜೆ, ಅದಕ್ಕೆ ಲೆಕ್ಕ ಇಡಬೇಡಿ.