‘ಡಾ ಡಾ ಡಾ’ ಹಾಡನ್ನು ನಿಜವಾಗಿಯೂ ಕ್ಯಾಲ್ಕುಲೇಟರ್‌ನಲ್ಲಿ ನುಡಿಸಿದ್ದರೇ?

ಹೌದು, ‘ಡಾ ಡಾ ಡಾ’ ಎಂಬ ಹಳೆಯ ಜರ್ಮನ್ ಪಾಪ್ ಹಾಡನ್ನು ಕ್ಯಾಲ್ಕುಲೇಟರ್‌ನಲ್ಲಿ ನುಡಿಸಿದ್ದರು ಎಂದ ನಿಮ್ಮ ಸ್ನೇಹಿತರು ತಮಾಷೆ ಮಾಡಿಲ್ಲ. ಆದರೆ ‘ಹಾಗಾದರೆ ಅದನ್ನು ಯಾರು ಬೇಕಾದರೂ ಮಾಡಬಹುದಿತ್ತಲ್ಲವೇ?’ ಎಂಬ ನಿಮ್ಮ ಎರಡನೆಯ ಪ್ರಶ್ನೆಗೆ ನನ್ನ ತಕರಾರಿದೆ.

ಮೊದಲು ಯಂತ್ರದ ವಿಷಯ. ಅದು ಕ್ಯಾಸಿಯೋ ವಿಎಲ್-1. ಹಳೆಯ ಎಲೆಕ್ಟ್ರಾನಿಕ್ ವಾದ್ಯಗಳ ಹುಚ್ಚಿಗೆ ಬಿದ್ದು ನಾನೂ ಒಂದನ್ನು ಕೊಂಡಿದ್ದೇನೆ. ಅಡಿಪಟ್ಟಿಯಷ್ಟು ಉದ್ದ, ಅಂಗೈಯಷ್ಟು ಅಗಲ. 29 ಕೀಲಿಗಳಿವೆ, ಹೆಸರಿಗೆ ಕೀಲಿ, ನೋಡಲು ಕ್ಯಾಲ್ಕುಲೇಟರಿನ ಗುಂಡಿಗಳೇ. ಒಮ್ಮೆಗೆ ಒಂದೇ ಸ್ವರ ಹೊರಡುತ್ತದೆ. ಸ್ವಿಚ್ಚನ್ನು ಒಂದು ಕಡೆ ಸರಿಸಿದರೆ ಲೆಕ್ಕ, ಇನ್ನೊಂದು ಕಡೆ ಸರಿಸಿದರೆ ಸಂಗೀತ. ಇದರಲ್ಲೊಂದು ಸೊಗಸಿದೆ: ಎಂಟು ಅಂಕಿಗಳ ಸಂಖ್ಯೆಯೊಂದನ್ನು ಒತ್ತಿ ಮೆಮೊರಿಗೆ ಹಾಕಿದರೆ, ನಾದ ಎಷ್ಟು ಬೇಗ ಏಳಬೇಕು, ಎಷ್ಟು ನಿಧಾನವಾಗಿ ಆರಬೇಕು ಎಂಬುದನ್ನು ಆ ಅಂಕಿಗಳೇ ನಿರ್ಧರಿಸುತ್ತವೆ. ಒಮ್ಮೆ ಮನೆಯ ಕರೆಂಟ್ ಬಿಲ್ಲಿನ ಮೇಲಿದ್ದ ಸಂಖ್ಯೆಯನ್ನೇ ಹಾಕಿ ನೋಡಿದೆ. ಕಿವಿಯ ಬಳಿ ಸೊಳ್ಳೆ ಬಂದಂತಾಯಿತು.

ಇದರಲ್ಲಿ ಹತ್ತು ಸಿದ್ಧ ತಾಳಗಳಿವೆ. ‘ರಾಕ್-1’ ಎಂಬುದನ್ನು ಹಚ್ಚಿದರೆ ಸಾಕು, ಆ ಹಾಡು ಶುರುವಾದಂತೆಯೇ.

ಹಾಡಿದವರು ಟ್ರಿಯೋ ಎಂಬ ಜರ್ಮನ್ ಗುಂಪಿನವರು. ಉತ್ತರ ಜರ್ಮನಿಯ ಗ್ರೋಸೆನ್‌ಕ್ನೇಟನ್ ಎಂಬ ಸಣ್ಣ ಊರಿನಲ್ಲಿ ಬೀಡುಬಿಟ್ಟಿದ್ದ ಮೂವರು: ಹಾಡಲು ಸ್ಟೆಫಾನ್ ರೆಮ್ಲರ್, ಗಿಟಾರಿಗೆ ಕ್ರಾಲೆ ಕ್ರಾವಿಂಕೆಲ್, ಡ್ರಮ್‌ಗೆ ಪೀಟರ್ ಬೆಹ್ರೆನ್ಸ್. ನಿರ್ಮಾಪಕ ಕ್ಲಾಸ್ ಫೋರ್‌ಮನ್, ಬೀಟಲ್ಸ್ ತಂಡದ ‘ರಿವಾಲ್ವರ್’ ಆಲ್ಬಮ್ಮಿನ ಮುಖಪುಟ ಬರೆದವನೇ. 1982ರಲ್ಲಿ ಬಂದ ಈ ಹಾಡು ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಎರಡನೆಯ ಸ್ಥಾನದವರೆಗೂ ಏರಿತು.

ಈಗ ನನ್ನ ತಕರಾರು. ಹಾಡಿನ ಪೂರ್ಣ ಶೀರ್ಷಿಕೆಯಲ್ಲೇ ‘ನಾನು ನಿನ್ನನ್ನು ಪ್ರೀತಿಸುವುದಿಲ್ಲ, ನೀನು ನನ್ನನ್ನು ಪ್ರೀತಿಸುವುದಿಲ್ಲ’ ಎಂದಿದೆ. ಮುಗಿದುಹೋದ ಪ್ರೇಮ, ಅಳುವಷ್ಟು ಉತ್ಸಾಹವೂ ಉಳಿದಿಲ್ಲ. ಇಂಥ ಮಾತಿಗೆ ಪಿಟೀಲುಗಳ ಸಾಲನ್ನು ಹಿನ್ನೆಲೆಗೆ ಇಟ್ಟಿದ್ದರೆ ಕೇಳುವವರು ಆಕಳಿಸುತ್ತಿದ್ದರು. ಅವರು ಆರಿಸಿದ್ದು ಏರದ, ಇಳಿಯದ, ಯಾರಿಗೂ ಮರುಗದ ಒಂದು ತಾಳವನ್ನು. ರೆಮ್ಲರ್ ಕೂಡ ಹಾಡುವುದಕ್ಕಿಂತ ಹೆಚ್ಚಾಗಿ ಗೊಣಗುತ್ತಾನೆ. ಆಟಿಕೆ ಎಲ್ಲರ ಕೈಗೂ ಸಿಗುತ್ತಿತ್ತು, ನಿಜ. ಅದನ್ನು ಹಾಗೆಯೇ ಬೆತ್ತಲೆಯಾಗಿ ಬಿಡುವ ಧೈರ್ಯ ಎಷ್ಟು ಜನರಿಗಿತ್ತು?

ಟ್ರಿಯೋವನ್ನು ‘ಒಂದೇ ಹಾಡಿನ ಗುಂಪು’ ಎನ್ನುವುದುಂಟು. ಅದು ಬ್ರಿಟನ್ ಮತ್ತು ಅಮೆರಿಕದವರ ಲೆಕ್ಕ. ಜರ್ಮನಿಯಲ್ಲಿ ಅವರ ‘ಆನ್ನಾ’ ಹಾಡೂ ಜನಪ್ರಿಯವಾಗಿತ್ತು. ಅಮೆರಿಕದ ಬಹಳ ಜನ ‘ಡಾ ಡಾ ಡಾ’ ಕೇಳಿದ್ದೇ 1997ರ ಫೋಕ್ಸ್‌ವ್ಯಾಗನ್ ಜಾಹೀರಾತಿನಲ್ಲಿ: ಕೆಲಸವಿಲ್ಲದೆ ಕಾರಿನಲ್ಲಿ ಸುತ್ತುವ ಇಬ್ಬರು ಯುವಕರು ಬೀದಿಯಲ್ಲಿ ಬಿದ್ದ ಹಳೆಯ ಕುರ್ಚಿಯನ್ನು ಹೇರಿಕೊಂಡು, ಅದು ನಾರುತ್ತಿದೆ ಎಂದು ಗೊತ್ತಾದ ಮೇಲೆ ಮತ್ತೆ ಬೀದಿಯಲ್ಲೇ ಇಳಿಸಿ ಹೋಗುತ್ತಾರೆ. ಹಾಡಿಗೆ ಅದಕ್ಕಿಂತ ಒಪ್ಪುವ ಚಿತ್ರ ನನಗೂ ಹೊಳೆಯುವುದಿಲ್ಲ.

ಹೆಡ್‌ಫೋನ್ ಹಾಕಿಕೊಂಡು ಇನ್ನೊಮ್ಮೆ ಕೇಳಿ. ಪಲ್ಲವಿಯಲ್ಲಿ ಗಿಟಾರೂ ನಿಜವಾದ ಡ್ರಮ್ಮೂ ಬಂದು ಗದ್ದಲ ಎಬ್ಬಿಸುತ್ತವೆ. ಕ್ಯಾಸಿಯೋ ಮಾತ್ರ ತನ್ನ ಪಾಡಿಗೆ ತಾನು ಟಿಕ್ ಟಿಕ್ ಎನ್ನುತ್ತಲೇ ಇರುತ್ತದೆ.