ಹೊಸ ಐ20 ಎನ್ ಲೈನ್‌ಗೆ ಒಂದೂವರೆ ಲಕ್ಷ ಎತ್ತಿಟ್ಟಿದ್ದೇನೆ, ಮೊದಲು ಏನು ಮಾಡಿಸಲಿ?

ಚಿತ್ರದುರ್ಗದಿಂದ ದಾವಣಗೆರೆಗೆ ದಿನಾ ಓಡಾಟ, ಮುಂದಿನ ತಿಂಗಳು ಹ್ಯುಂಡೈ ಐ20 ಎನ್ ಲೈನ್ ಕಾರಿನ ಎನ್8 ಡಿಸಿಟಿ (ಎರಡು ಕ್ಲಚ್ಚಿನ ಆಟೊಮ್ಯಾಟಿಕ್ ಗೇರಿನ ಮಾದರಿ) ಕೈಗೆ ಬರುತ್ತದೆ, ಪಟ್ಟಿಯಲ್ಲಿ 17 ಇಂಚಿನ ಅಲಾಯ್ ಚಕ್ರ, ಎಕ್ಸಾಸ್ಟ್, ರೀಮ್ಯಾಪ್ (ಎಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಿಸಿ ಪವರ್ ಹೆಚ್ಚಿಸೋದು), ಸೆರಾಮಿಕ್ ಕೋಟಿಂಗ್, ಮ್ಯಾಟ್ ಬಣ್ಣದ ರ‍್ಯಾಪ್, ಕಪ್ಪು ಫಿಲ್ಮ್, ಸಬ್‌ವೂಫರ್ ಇವೆ, ಇದರಲ್ಲಿ ಯಾವುದು ಮೊದಲು ಅಂತ ಕೇಳಿದ್ದೀರಿ. ನನ್ನ ಕೇಳಿದರೆ, ಮೊದಲ ಆರು ತಿಂಗಳು ಇದರಲ್ಲಿ ಯಾವುದೂ ಬೇಡ. ಪಟ್ಟಿಯಲ್ಲೇ ಇಲ್ಲದ ನಾಲ್ಕೈದು ಸಾಮಾನು ಬೇಕು, ಅದನ್ನು ಆಮೇಲೆ ಹೇಳುತ್ತೇನೆ.

ನಾನು ದಾವಣಗೆರೆಯವನು. ನನ್ನದು 2022ರ ಎನ್ ಲೈನ್, ಕ್ಲಚ್ ಪೆಡಲ್ ಇಲ್ಲದ ಆ ಐಎಂಟಿ ಗೇರಿನದು. ನಿಮ್ಮ ಪಟ್ಟಿ ನೋಡಿ ನಗು ಬಂತು, ಯಾಕೆಂದರೆ ಗಾಡಿ ಬುಕ್ ಮಾಡಿದ ರಾತ್ರಿ ನಾನು ಬರೆದಿಟ್ಟುಕೊಂಡಿದ್ದೂ ಹೆಚ್ಚುಕಡಿಮೆ ಇದನ್ನೇ.

ಅಲಾಯ್ ವಿಷಯ ಮೊದಲು, ನಾನು ದುಡ್ಡು ಸುಟ್ಟುಕೊಂಡಿದ್ದು ಅಲ್ಲೇ. ಕಂಪನಿ ಟೈರ್ 195/55 ಆರ್16, ಅಗಲ 195 ಮಿ.ಮೀ., ಎತ್ತರ ಅದರ ಶೇಕಡಾ 55, ರಿಮ್ 16 ಇಂಚು. ಅಂದರೆ ರಿಮ್ಮಿಗೂ ರಸ್ತೆಗೂ ನಡುವೆ ಇರುವ ರಬ್ಬರ್ ಸುಮಾರು 107 ಮಿ.ಮೀ. ನಾನು ಹಾಕಿಸಿದ್ದು 215/45 ಆರ್17. ಲೆಕ್ಕದ ಪ್ರಕಾರ ತಪ್ಪೇನಿಲ್ಲ, ಒಟ್ಟು ಸುತ್ತು ಶೇಕಡಾ ಒಂದಕ್ಕಿಂತ ಕಡಿಮೆ ಬದಲಾಗುತ್ತದೆ, ಸ್ಪೀಡೋಮೀಟರ್ ಸುಳ್ಳು ಹೇಳಲ್ಲ. ನೋಡೋಕಂತೂ ಚೆಂದವೋ ಚೆಂದ. ಆದರೆ ರಬ್ಬರ್ 97 ಮಿ.ಮೀ.ಗೆ ಇಳಿಯಿತು. ಹತ್ತು ಮಿ.ಮೀ. ಏನು ಮಹಾ ಅಂದುಕೊಂಡೆ.

ನವೆಂಬರ್ ತಿಂಗಳು, ರಾತ್ರಿ ಎಂಟು ಗಂಟೆ, ಸಂತೇಬೆನ್ನೂರು ಕಡೆಯಿಂದ ಬರುತ್ತಿದ್ದೆ. ನಮ್ಮ ಕಡೆ ಆ ಟೈಮಲ್ಲಿ ರಸ್ತೆ ಅಂದರೆ ಅರ್ಧ ರಸ್ತೆ, ಇನ್ನರ್ಧ ಮೆಕ್ಕೆಜೋಳದ ಕಣ. ಜೋಳದ ಮೇಲೆ ಗಾಡಿ ಹತ್ತದಿರಲಿ ಅಂತ ಅಂಚಿಗೆ ಕಲ್ಲು ಜೋಡಿಸಿರುತ್ತಾರೆ. ಎದುರಿಗೆ ಟ್ರ್ಯಾಕ್ಟರ್ ಬಂತು, ಒಂದೇ ಲೈಟು, ಎಡಕ್ಕೆ ಎಳೆದೆ, ಧಡ್ ಅಂತು. ಇಳಿದು ನೋಡಿದರೆ ತೆಂಗಿನಕಾಯಿ ಗಾತ್ರದ ಕಲ್ಲು. ರಿಮ್ಮಿನ ಅಂಚು ಒಳಕ್ಕೆ ಬಾಗಿತ್ತು, ಟೈರಿನ ಪಕ್ಕ ನಿಂಬೆಹಣ್ಣಿನಷ್ಟು ಉಬ್ಬಿತ್ತು. ಮಾರನೇ ದಿನ ಪಂಕ್ಚರ್ ಅಂಗಡಿಯವರು ಅದನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿ, "ಸಾರ್, ಟೈರಿಗೆ ಹೊಟ್ಟೆ ಬಂದೈತೆ, ಇನ್ನು ಇದು ರೋಡಿಗಲ್ಲ, ಜೋಕಾಲಿಗೆ" ಅಂದರು. ಒಳಗಿನ ದಾರಗಳು ತುಂಡಾದರೆ ಹೀಗೆ ಉಬ್ಬುತ್ತದೆ, ಪ್ಯಾಚ್ ಹಾಕೋಕೆ ಬರಲ್ಲ, ಹೈವೇಯಲ್ಲಿ ಯಾವಾಗ ಬೇಕಾದರೂ ಒಡೆಯಬಹುದು. ಕಂಪನಿಯ 16 ಇಂಚೇ ಇದ್ದಿದ್ದರೆ ಉಳಿಯುತ್ತಿತ್ತು ಅಂತ ಆಣೆ ಮಾಡಿ ಹೇಳಲ್ಲ, ಆದರೆ ಚಾನ್ಸ್ ಜಾಸ್ತಿ ಇತ್ತು. ಈಗ ಮತ್ತೆ 16ಕ್ಕೆ ಬಂದಿದ್ದೇನೆ. ಹಳೇ ರಿಮ್ಮುಗಳನ್ನು ಮಾರದೆ ಅಟ್ಟದ ಮೇಲೆ ಇಟ್ಟಿದ್ದೆನಲ್ಲ, ಅದೊಂದೇ ನಾನು ಮಾಡಿದ ಬುದ್ಧಿವಂತಿಕೆ.

ಹಿಡಿತ ಬೇಕು ಅಂದರೆ ರಿಮ್ ಬಿಡಿ, ಟೈರ್ ಬದಲಿಸಿ. ಕಂಪನಿ ಟೈರು ಸವೆದ ಮೇಲೆ ಅದೇ ಅಳತೆಯಲ್ಲಿ ಒಳ್ಳೇದೊಂದು ಹಾಕಿಸಿದರೆ ಮಳೇಲಿ ಬ್ರೇಕ್ ಹಿಡಿದಾಗ ಗೊತ್ತಾಗುತ್ತದೆ.

ಎಕ್ಸಾಸ್ಟ್. ಈ ಗಾಡಿಗೆ ಕಂಪನಿಯೇ ಎರಡು ಬಾಯಿಯ ಪೈಪ್ ಕೊಟ್ಟು, ಸದ್ದನ್ನೂ ಸಾದಾ ಐ20ಗಿಂತ ಸ್ವಲ್ಪ ಗಡುಸು ಮಾಡಿದೆ. ಅದು ಸಾಲದು ಅಂತ ನನ್ನ ಸ್ನೇಹಿತ ಹಿಂದಿನ ಮಫ್ಲರ್ ಬದಲಿಸಿದ. ಅವರಪ್ಪ ಮೊದಲ ದಿನ ಹೊರಗೆ ಬಂದು ಕೇಳಿದ್ದು, "ಯಾಕೋ, ಸೈಲೆನ್ಸರ್ ತೂತು ಬಿತ್ತೇನೋ?" ಹದಿನೈದು ದಿನ ಮಜಾ ಇತ್ತು, ಆಮೇಲೆ ಹೈವೇಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಗುಂಯ್ ಅಂತ ತಲೆ ಕೊರೆಯೋಕೆ ಶುರುವಾಯಿತು. ನಿಮಗೆ ಹೋಗಿ ಬರೋದು ಸೇರಿ ದಿನಾ ನೂರಿಪ್ಪತ್ತು ಕಿ.ಮೀ., ಯೋಚನೆ ಮಾಡಿ. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತು ಹಾಕುವ ಮಾತಂತೂ ಬೇಡವೇ ಬೇಡ, ಚೆಕ್ ಎಂಜಿನ್ ಲೈಟು ಹತ್ತಿಕೊಂಡೇ ಇರುತ್ತದೆ. ಶಬ್ದ, ಹೊಗೆಯ ನಿಯಮ ಮುರಿದರೆ ಮೋಟಾರು ವಾಹನ ಕಾಯ್ದೆಯ 190ನೇ ಕಲಂ ಪ್ರಕಾರ ಮೊದಲ ಸಲವೇ 10,000 ರೂಪಾಯಿವರೆಗೂ ದಂಡ ಹಾಕಬಹುದು.

ರೀಮ್ಯಾಪ್ ಆಸೆ ನನಗೂ ಅರ್ಥವಾಗುತ್ತದೆ. 998 ಸಿಸಿ ಟರ್ಬೋ, 120 ಪಿಎಸ್, 172 ಎನ್‌ಎಂ, ಲ್ಯಾಪ್‌ಟಾಪ್ ಚುಚ್ಚಿದರೆ ಇನ್ನಷ್ಟು ಬರುತ್ತದೆ ಅನ್ನೋದು ಸುಳ್ಳಲ್ಲ. ಆದರೆ ನಿಮ್ಮದು ಡಿಸಿಟಿ, ಅದರಲ್ಲಿ ಇರೋದು ಡ್ರೈ ಕ್ಲಚ್. ಎಣ್ಣೆಯಲ್ಲಿ ಮುಳುಗಿರಲ್ಲ, ಹಾಗಾಗಿ ಬಿಸಿಯಾದರೆ ತಣ್ಣಗಾಗಲು ಹೊತ್ತು ಬೇಕು. ಸಂಜೆ ಆರರ ಹೊತ್ತಿಗೆ ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ಇಂಚಿಂಚು ಸರಿಯುವಾಗ ಆ ಕ್ಲಚ್ ಮೊದಲೇ ಒದ್ದಾಡುತ್ತಿರುತ್ತದೆ, ಅದರ ಮೇಲೆ ಇನ್ನೂ ಟಾರ್ಕ್ ಹೇರೋದು ಯಾಕೆ? ವಾರಂಟಿ ಮುಗಿಯೋವರೆಗೆ ಅದರ ತಂಟೆಗೆ ಹೋಗಬೇಡಿ. ಭರಮಸಾಗರ, ಆನಗೋಡು ದಾಟುವ ಆ ಹೈವೇಗೆ 120 ಪಿಎಸ್ ಧಾರಾಳ.

ಮ್ಯಾಟ್ ರ‍್ಯಾಪ್ ಮಾಡಿಸಿ ಬಣ್ಣವೇ ಬದಲಾದರೆ ಆರ್‌ಸಿಯಲ್ಲೂ ಬದಲಾಗಬೇಕು, ಆರ್‌ಟಿಒಗೆ ಅಲೆಯಬೇಕು. ಕಪ್ಪು ಫಿಲ್ಮನ್ನು ಸುಪ್ರೀಂ ಕೋರ್ಟ್ 2012ರಲ್ಲೇ ಬೇಡ ಅಂದಿದೆ, ಮುಂದಿನ ಹಿಂದಿನ ಗಾಜಲ್ಲಿ ಶೇಕಡಾ 70, ಪಕ್ಕದ್ದರಲ್ಲಿ 50ರಷ್ಟು ಬೆಳಕು ದಾಟಲೇಬೇಕು. ನಮ್ಮೂರ ಏಪ್ರಿಲ್ ಬಿಸಿಲಿಗೆ ಅಗ್ಗದ ಮಡಚುವ ಪರದೆ ಸಾಕು, ನಿಲ್ಲಿಸಿದಾಗ ಮುಂದಿನ ಗಾಜಿಗೆ ಇಡಿ. ಸಬ್‌ವೂಫರ್? ಎನ್8ನಲ್ಲಿ ಬೋಸ್‌ನ ಏಳು ಸ್ಪೀಕರ್ ಇವೆಯಲ್ಲ, ಮೊದಲು ಅದನ್ನು ಕೇಳಿ.

ಈಗ ಬೇಕಾದ್ದು. ನಿಮ್ಮ ದಾರಿಯಲ್ಲಿ ಜಲ್ಲಿ ಟಿಪ್ಪರು, ಅದಿರು ಲಾರಿ ಜಾಸ್ತಿ. ಅವುಗಳ ಹಿಂದೆ ಒಂದು ವರ್ಷ ಓಡಿಸಿದರೆ ಬಾನೆಟ್ಟಿನ ಮುಂಭಾಗಕ್ಕೆ ಸಿಡುಬು ಬಂದ ಹಾಗಾಗುತ್ತದೆ. ಸೆರಾಮಿಕ್ ಕೋಟಿಂಗ್ ಇದನ್ನು ತಡೆಯಲ್ಲ, ಅದು ಕೆಲವೇ ಮೈಕ್ರಾನ್ ದಪ್ಪ, ಹೊಳಪಿಗೆ ಮತ್ತು ತೊಳೆಯೋಕೆ ಸುಲಭ ಅಷ್ಟೇ. ಕಲ್ಲು ತಡೆಯೋದು ಪಿಪಿಎಫ್, ಅಂದರೆ ಬಣ್ಣದ ಮೇಲೆ ಅಂಟಿಸುವ ದಪ್ಪ ಪಾರದರ್ಶಕ ಫಿಲ್ಮ್. ಇಡೀ ಗಾಡಿಗೆ ಬೇಡ, ಬಂಪರ್, ಬಾನೆಟ್, ಕನ್ನಡಿಗಳಿಗೆ ಮಾತ್ರ ಹಾಕಿಸಿ, ಅದೂ ಗಾಡಿ ಬಂದ ವಾರದಲ್ಲೇ, ಮೊದಲ ಕಲ್ಲು ಬೀಳೋ ಮುಂಚೆ. ನಿಮ್ಮ ದುಡ್ಡಲ್ಲಿ ದೊಡ್ಡ ಪಾಲು ಇಲ್ಲಿ ಹೋಗಲಿ. ಜೊತೆಗೆ ನಾಲ್ಕೂ ಚಕ್ರಕ್ಕೆ ಮಡ್ ಫ್ಲಾಪ್.

ಡ್ಯಾಶ್‌ಕ್ಯಾಮ್ ಮುಂದೆ ಹಿಂದೆ ಎರಡೂ. ಇದಕ್ಕೆ ವೈರ್ ಕತ್ತರಿಸೋಕೆ ಬಿಡಬೇಡಿ, ಫ್ಯೂಸ್ ಟ್ಯಾಪ್ (ಫ್ಯೂಸ್ ಪೆಟ್ಟಿಗೆಗೆ ಸಿಕ್ಕಿಸಿ ಕರೆಂಟ್ ತೆಗೆಯುವ ತುಂಡು) ಹಾಕಿ ಎಳೆಯಿರಿ ಅನ್ನಿ. ನಾನು ಇಲ್ಲೇ ಒಂದು ಅಂಗಡಿಯಲ್ಲಿ ಹಾರ್ನ್ ಬದಲಿಸಿದಾಗ ಹುಡುಗ ಕಂಪನಿ ವೈರ್ ಸುಲಿದು ಜೋಡಿಸಿ ಟೇಪ್ ಸುತ್ತಿದ್ದ. ಎಂಟು ತಿಂಗಳಿಗೆ ಸ್ಟೇರಿಂಗ್ ಬಟನ್ನುಗಳು ಒಮ್ಮೊಮ್ಮೆ ಸಾಯೋಕೆ ಶುರುವಾದವು, ಸರ್ವಿಸ್‌ನವರು ಆ ಟೇಪಿನ ಫೋಟೊ ತೆಗೆದು ನನಗೇ ತೋರಿಸಿ, ವಾರಂಟಿ ಕೊಡಲ್ಲ ಅಂದರು. ವಾದ ಮಾಡೋಕೆ ನನ್ನ ಹತ್ತಿರ ಏನಿತ್ತು? ಆದ್ದರಿಂದ ಏನೇ ಹಾಕಿಸಿದರೂ ಕಂಪನಿ ಕಪ್ಲರಿಗೆ (ವೈರ್ ತುದಿಯ ಪ್ಲಗ್ಗಿಗೆ) ಕಪ್ಲರ್ ಕೂರಬೇಕು, ಬಿಚ್ಚಿದರೆ ಮೊದಲಿನಂತೆ ಆಗಬೇಕು. ಬಿಲ್ ಇಸ್ಕೊಳ್ಳಿ. ಹೊರಗಿನಿಂದ ಹಾಕಿಸಿದ ಎಲೆಕ್ಟ್ರಿಕ್ ಸಾಮಾನಿಗೆ ಇನ್ಶೂರೆನ್ಸ್ ಬೇಕಾದರೆ ಸಾಮಾನ್ಯವಾಗಿ ಬೆಲೆಯ ಶೇಕಡಾ 4ರಷ್ಟು ಹೆಚ್ಚುವರಿ ಪ್ರೀಮಿಯಂ ಕಟ್ಟಿ ಪಾಲಿಸಿಯಲ್ಲಿ ಬರೆಸಬೇಕು, ಬಿಲ್ಲೇ ಇಲ್ಲದೆ ಏನು ಬರೆಸುತ್ತೀರಿ?

ಸೀಟ್ ಕವರ್ ಬೇಡ. ಆರು ಏರ್‌ಬ್ಯಾಗಿನಲ್ಲಿ ಎರಡು ಮುಂದಿನ ಸೀಟಿನ ಪಕ್ಕದಿಂದಲೇ ಹೊರಬರೋದು, ಗಟ್ಟಿ ರೆಕ್ಸಿನ್ ಸುತ್ತಿ ಅದರ ದಾರಿ ಯಾಕೆ ಮುಚ್ಚಬೇಕು? ನೆಲ ಪೂರ್ತಿ ಮುಚ್ಚುವ ದಪ್ಪ 7ಡಿ ಮ್ಯಾಟೂ ಅಷ್ಟೇ, ಪೆಡಲ್ ಅಡಿ ಜಾರಿದರೆ ಕಥೆ ಮುಗೀತು. ಕೊಕ್ಕೆಗೆ ಸಿಕ್ಕಿಸುವ ರಬ್ಬರ್ ಮ್ಯಾಟ್ ತಗೊಳ್ಳಿ.

ಇನ್ನೊಂದು ಯಾರೂ ಹೇಳಲ್ಲ: ಇಲಿ. ಮನೆ ಹತ್ತಿರ ಗೋದಾಮೋ ಅಂಗಡಿ ಸಾಲೋ ಇದ್ದರೆ ವಾರಕ್ಕೊಮ್ಮೆ ಬಾನೆಟ್ ಎತ್ತಿ ನೋಡಿ. ನನ್ನ ಬ್ಯಾಟರಿ ಪಕ್ಕದಲ್ಲಿ ಒಂದು ಹಿಡಿ ಮೆಕ್ಕೆಜೋಳ, ಅರ್ಧ ಮಿರ್ಚಿ ಸಿಕ್ಕಿತ್ತು, ಮಂಡಕ್ಕಿ ಮಾತ್ರ ಇರಲಿಲ್ಲ. ಕೆಳಗಿನಿಂದ ಸಣ್ಣ ಕಣ್ಣಿನ ತಂತಿ ಜಾಲರಿ ಕಟ್ಟಿಸಿದ ಮೇಲೆ ನಿಂತಿದೆ.

ಡೆಲಿವರಿ ದಿನ ಶೋರೂಂನಲ್ಲಿ ಆಕ್ಸೆಸರಿ ಕಿಟ್ ಅಂತ ಒಂದು ದೊಡ್ಡ ಮೊತ್ತ ಬಿಲ್ಲಿಗೆ ಸೇರಿಸೋಕೆ ನೋಡುತ್ತಾರೆ. ಬಿಡಿಬಿಡಿಯಾಗಿ ಬರೆಸಿಕೊಂಡು ಮಡ್ ಫ್ಲಾಪು, ಮ್ಯಾಟು ಇಟ್ಟುಕೊಳ್ಳಿ, ಉಳಿದದ್ದನ್ನು ಹೊಡೆದುಹಾಕಿಸಿ. ಮೊದಲ ಸಾವಿರ ಕಿ.ಮೀ. ಜೋರಾಗಿ ತುಳಿಯಬೇಡಿ. ಪಿಪಿಎಫ್‌ಗೆ ರೇಟ್ ಹೇಳಿದಾಗ ಅದನ್ನು ಇಲ್ಲೇ ಬರೆದು ಹಾಕಿ, ಜಾಸ್ತಿ ಹೇಳ್ತಿದ್ದಾರಾ ಇಲ್ವಾ ನೋಡೋಣ.